ಊಟದ ಮೇಲಿನ ಇಟಲಿ

ಬಾಯಮ್ಮ ಸಿನಿಮಾ ನೋಡುವಾಗ ಪಕ್ಕದಲ್ಲಿ ಕೂತವರ ನಾಡಿ ಹಿಡಿದುಕೊಳ್ಳುತ್ತಿದ್ದರು. ಕೈ ಹಿಡಿಯುವುದಲ್ಲ, ನಾಡಿಯನ್ನೇ ಹಿಡಿಯುವುದು. ಬಲಗೈಯ ಎರಡು ಬೆರಳು ನಮ್ಮ ಮಣಿಕಟ್ಟಿನ ಮೇಲೆ, ಕಣ್ಣು ಗೋಡೆಗೆ ಬಿಗಿದ ಬಿಳಿ ಬೆಡ್‌ಶೀಟಿನ ಮೇಲೆ. ಬೆಡ್‌ಶೀಟಿನಲ್ಲಿ ಇಟಲಿಯ ಯಾವನೋ ಮುದುಕ ಬೀದಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇರುತ್ತಿದ್ದ. ಅವನು ತಲುಪುವ ಮೊದಲೇ ನನಗೆ ನಿದ್ದೆ ಬರುತ್ತಿತ್ತು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ವಿದ್ಯೆಯನ್ನು ನಾನು ಹೈಸ್ಕೂಲಿನ ಗಣಿತದ ಪಿರಿಯಡಿನಲ್ಲಿ ಸಂಪಾದಿಸಿದವನು. ಎಷ್ಟೋ ಮೇಷ್ಟ್ರುಗಳನ್ನೂ ಮ್ಯಾನೇಜರುಗಳನ್ನೂ ಅದರ ಬಲದಿಂದ ದಾಟಿಬಂದಿದ್ದೆ. ಬಾಯಮ್ಮನ ಎದುರು ಮಾತ್ರ ಅದು ನಡೆಯಲಿಲ್ಲ. ಬೆರಳು ಎತ್ತದೆ, ಮುಖ ತಿರುಗಿಸದೆ, ಕೊಂಕಣಿಯಲ್ಲಿ ಮಗನೇ ಎಂದು ಕರೆದು ಹೇಳುತ್ತಿದ್ದರು: "ಪುತಾ, ನಿನ್ನ ನಾಡಿ ಮಲಗಿತು. ಎದ್ದು ಮುಖ ತೊಳ್ಕೊಂಡು ಬಾ. ಆ ಮುದುಕ ಎಲ್ಲಿಗೂ ಹೋಗುದಿಲ್ಲ."

ಸಿನಿಮಾದ ಮೇಲಿನ ಪ್ರೀತಿಯಿಂದ ನಾನು ಅಲ್ಲಿಗೆ ಹೋದವನೆಂದು ಯಾರೂ ತಿಳಿಯಬೇಡಿ. ನಾನು ಶಿಕ್ಷೆಯಾಗಿ ಹೋದವನು, ಮತ್ತು ಆ ಶಿಕ್ಷೆ ನನ್ನ ಪೆದ್ದುತನಕ್ಕೆ ಸರಿಯಾಗಿಯೇ ಇತ್ತು.

ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಟೈಲ್ಸ್ ಗೋದಾಮಿನಲ್ಲಿ ನಾನು ಡಿಸ್ಪ್ಯಾಚ್ ಕ್ಲಾರ್ಕ್ ಆಗಿದ್ದೆ. ವಾಸ ಸತ್ವಾ ಎಂಬ ಬಡಾವಣೆಯ ಒಂದು ಹಳೆಯ ವಿಲ್ಲಾದ ಬೆಡ್‌ಸ್ಪೇಸಿನಲ್ಲಿ, ಅಂದರೆ ಬಾಡಿಗೆಗೆ ಬರೀ ಒಂದು ಮಂಚ, ಮಂಚದ ಮೇಲೆ ಮಂಚ. ನನ್ನ ಗಂಟಲಿನೊಳಗೂ ಅದೇ ವ್ಯವಸ್ಥೆ ಇತ್ತು. ಊರಿನ ಬಸ್ ಕಂಡಕ್ಟರ್, ವಿಲ್ಲಾದ ವಾಚ್‌ಮನ್, ಎಚ್‌ಆರ್‌ನ ಮೇಡಂ, ಎಲ್ಲರೂ ಒಬ್ಬರ ಮೇಲೊಬ್ಬರು ಬಾಡಿಗೆಯಿಲ್ಲದೆ ಮಲಗಿದ್ದರು. ಯಾರನ್ನು ಬೇಕಾದರೂ ಎಬ್ಬಿಸಿ ಮಾತಾಡಿಸಬಲ್ಲೆನೆಂಬ ಕೊಬ್ಬು ನನಗೆ. ನನ್ನ ಸ್ವಂತ ದನಿ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಗೋದಾಮಿನ ಇನ್‌ಚಾರ್ಜ್ ಮಂಗಳೂರು ಕಡೆಯವರು. ಕೊಂಕಣಿ ಮಾತಾಡುವ ಕ್ರೈಸ್ತರ ಮನೆಯ ಯಜಮಾನರನ್ನು ನಮ್ಮ ಕಡೆ 'ಪೊರ್ಬುಗಳು' ಎಂದೂ ಹೆಂಗಸರನ್ನು 'ಬಾಯಮ್ಮ' ಎಂದೂ ಕರೆಯುವುದು ರೂಢಿ. ಹಾಗಾಗಿ ಅವರು ನನಗೆ ಪೊರ್ಬುಗಳು. ಅವರ ದನಿ ಖಾಲಿ ಡ್ರಮ್ಮಿನೊಳಗಿಂದ ಬಂದಂತೆ. ಒಂದು ದಿನ ವಾಕಿಟಾಕಿ ಕೈಗೆ ಸಿಕ್ಕಿತು, ಸುತ್ತ ಯಾರೂ ಇರಲಿಲ್ಲ, ನಾನು ಅವರ ದನಿಯನ್ನು ಎಬ್ಬಿಸಿ, "ಯಲ್ಲಾ, ಖಲಾಸ್! ಸಬ್ ಲೋಗ್ ಚಾಯ್ ಪೀನೇ ಜಾವ್!" ಎಂದೆ. ನಾಲ್ಕು ಹುಡುಗರು ನಗಲಿ ಎಂದು ಹೇಳಿದ್ದು. ಆದರೆ ಇಡೀ ಗೋದಾಮು ಚಹಾಕ್ಕೆ ಹೋಯಿತು. ಫೋರ್ಕ್‌ಲಿಫ್ಟುಗಳು ಟೈಲ್ಸ್ ಹೇರಿದ ಹಲಗೆಗಳನ್ನು ಅರ್ಧ ಎತ್ತರದಲ್ಲಿ ಹಿಡಿದುಕೊಂಡು ನಿಂತುಬಿಟ್ಟವು. ಹೊರಗೆ ಟ್ರೇಲರ್ ಡ್ರೈವರ್ ಹಾರ್ನ್ ಒತ್ತತೊಡಗಿದ. ನಾನು ತಿರುಗಿ ನೋಡಿದರೆ ಪೊರ್ಬುಗಳು ಹಿಂದೆಯೇ ನಿಂತಿದ್ದರು.

"ಚೆನ್ನಾಗಿ ಮಾಡ್ತಿ ಮಾರಾಯ," ಎಂದರು. "ನನಗೇ ಚಾಯ್‌ಗೆ ಹೋಗುವ ಅಂತ ಆಯ್ತು."

ಮೆಮೊ ಬರುತ್ತದೆಂದು ನಾನು ಕಾದೆ. ಬರಲಿಲ್ಲ. ಸಂಜೆ ಕರೆದು ಕೇಳಿದರು: "ನೋಡಿದ್ದನ್ನು ನೋಡಿದ ಹಾಗೆ ಮಾಡಿ ತೋರಿಸ್ತಿ ಅಲ್ವಾ? ಶುಕ್ರವಾರ ಮನೆಗೆ ಬಾ. ನನ್ನ ಹೆಂಡ್ತಿ ಊಟ ಆದ ಮೇಲೆ ಇಟಲಿ ಪಿಚ್ಚರ್ ಹಾಕ್ತಾಳೆ. ನನಗೆ ವಾರಕ್ಕೆ ಒಂದೇ ರಜೆ, ನಾನು ಮಲಗ್ತೇನೆ. ಆಮೇಲೆ ಅವಳು ಪ್ರಶ್ನೆ ಕೇಳ್ತಾಳೆ. ನೀನು ನೋಡಿ ನನಗೆ ಹೇಳ್ಬೇಕು. ಮೆಮೊ ಬೇಕಾ, ಇದು ಬೇಕಾ?"

ಹೀಗೆ ನಾನು ಇನ್ನೊಬ್ಬರ ಬದಲಿಗೆ ಇಟಲಿಯ ಕಲಾತ್ಮಕ ಚಿತ್ರಗಳನ್ನು ನೋಡುವ ಕೆಲಸಕ್ಕೆ ಸೇರಿದೆ.

ಅವರ ಮನೆ ಸತ್ವಾದಲ್ಲೇ, ನಮ್ಮ ವಿಲ್ಲಾದಿಂದ ನಡೆದುಹೋಗುವಷ್ಟು ಹತ್ತಿರ, ಒಂದು ಗ್ಯಾರೇಜಿನ ಮೇಲಿನ ಮಹಡಿಯಲ್ಲಿ. ಬಾಯಮ್ಮ ಒಂದು ಕ್ಲಿನಿಕ್ಕಿನಲ್ಲಿ ಹಿರಿಯ ನರ್ಸ್. ಗಿಡ್ಡ ಆಳು, ಎದೆಗೆ ತಲೆಕೆಳಗಾಗಿ ಚುಚ್ಚಿಕೊಂಡ ಗಡಿಯಾರ, ರಜೆಯ ದಿನವೂ ಅದು ಅಲ್ಲೇ. ಶುಕ್ರವಾರ ಬೆಳಿಗ್ಗೆ ಇಗರ್ಜಿಯ, ಅಂದರೆ ಚರ್ಚಿನ, ಪೂಜೆ ಮುಗಿಸಿ ಬಂದು, ಕುಚ್ಚಲಕ್ಕಿ ಅನ್ನ, ಮೀನಿನ ಗಸಿ, ಒಂದು ಪಲ್ಯ ಮಾಡಿ ಬಡಿಸಿ, ಎಲ್ಲರ ಹೊಟ್ಟೆ ಭಾರವಾದ ಮೇಲೆ ಕರ್ಟನ್ ಎಳೆದು ಪ್ರೊಜೆಕ್ಟರ್ ಹಾಕುತ್ತಿದ್ದರು. ಇದು ಯಾವ ಲೆಕ್ಕದ ಯೋಜನೆ? "ಬಾಯಮ್ಮ, ಊಟಕ್ಕೆ ಮೊದಲು ಹಾಕಬಾರ್ದಾ?" ಎಂದು ಕೇಳಿದೆ. "ಹಸಿದವನಿಗೆ ಗಸಿಯ ವಾಸನೆ ಬಿಟ್ಟು ಎಂತ ಕಾಣ್ತದೆ? ಉಂಡು ನೋಡು," ಎಂದರು.

ಪೊರ್ಬುಗಳ ನಾಡಿ ಹಿಡಿಯುವ ಅಗತ್ಯ ಅವರಿಗಿರಲಿಲ್ಲ. ಆ ನಿದ್ದೆ ಕೆಳಗಿನ ಗ್ಯಾರೇಜಿನವರಿಗೂ ಕೇಳಿಸುತ್ತಿತ್ತು. ಹೆಸರುಗಳು ಬೀಳುವಾಗಲೇ ಕುರ್ಚಿಯಲ್ಲಿ ಅವರ ಗದ್ದ ಎದೆಗೆ ತಗುಲುತ್ತಿತ್ತು. ಬಾಯಮ್ಮ ಗಂಡನನ್ನು "ಆಯ್ಕಲೆಂಗೀ?" ಎಂದು ಕರೆಯುತ್ತಿದ್ದರು, ಕೇಳಿಸಿತಾ ಎಂದು ಅದರ ಅರ್ಥ. ಕೇಳಿಸುತ್ತಿರಲಿಲ್ಲ. ಎಚ್ಚರವಾದರೆ, "ನಾನು ಕಣ್ಣು ಮುಚ್ಚಿ ನೋಡುದು. ಅದು ಬೇರೆ ಸಿಸ್ಟಮ್," ಎನ್ನುತ್ತಿದ್ದರು. ಅವರಿಬ್ಬರೂ ನನ್ನೆದುರು ಕನ್ನಡದಲ್ಲೇ ಮಾತಾಡುತ್ತಿದ್ದರು. ಜಗಳಕ್ಕೊಬ್ಬ ಸಾಕ್ಷಿ ಬೇಕಲ್ಲ.

ಇಟಲಿಯ ಸಿನಿಮಾ ಚರಿತ್ರೆಯನ್ನು ಬಾಯಮ್ಮ ಮೂರೇ ವಾರ್ಡುಗಳಾಗಿ ಮಾಡಿಟ್ಟಿದ್ದರು. ಯುದ್ಧ ಮುಗಿದ ಕೂಡಲೇ ಬಂದ ಕಪ್ಪು-ಬಿಳುಪಿನವು 'ಹಸಿದವರ ಪಿಚ್ಚರ್'. ಅದಾದ ಮೇಲೆ ದೇಶಕ್ಕೆ ದುಡ್ಡು ಬಂದು, ದೊಡ್ಡ ದೊಡ್ಡ ಮನೆಗಳಲ್ಲಿ ಚಂದದ ಹೆಂಗಸರು ಬೇಜಾರು ಮಾಡಿಕೊಂಡು ಓಡಾಡುವವು 'ತಿಂದು ಹೆಚ್ಚಾದವರ ಪಿಚ್ಚರ್'. ಈಗಿನ ಕಲರ್ ಚಿತ್ರಗಳು 'ಡಯಟ್ ಮಾಡುವವರ ಪಿಚ್ಚರ್'. "ಹಸಿದವರು ನಡೀತಾರೆ. ತಿಂದವರು ಕಿಟಕಿ ಹತ್ರ ನಿಲ್ತಾರೆ. ಈಗಿನವರು ಫೋನ್ ನೋಡ್ತಾರೆ. ಇಷ್ಟು ಗೊತ್ತಿದ್ರೆ ನೀನು ಪಾಸ್," ಎಂದು ನನಗೆ ಪಾಠ ಮಾಡಿದರು. ಆಮೇಲೆ ಈ ವಿಷಯದ ಬಗ್ಗೆ ದಪ್ಪ ದಪ್ಪ ಪುಸ್ತಕ ಓದಿದವರ ಭಾಷಣಗಳನ್ನೂ ಕೇಳಿದ್ದೇನೆ. ಇದಕ್ಕಿಂತ ಹೆಚ್ಚೇನೂ ನನ್ನ ತಲೆಗೆ ಇಳಿದಿಲ್ಲ, ಅದು ತಲೆಯ ದೋಷವೂ ಇರಬಹುದು.

ಸಿನಿಮಾ ಮುಗಿದ ಮೇಲೆ 'ಹೇಗಿತ್ತು' ಎಂದು ಅವರು ಕೇಳುತ್ತಿರಲಿಲ್ಲ. ಚಹಾ ತರಲು ಅಡುಗೆಮನೆಗೆ ಹೋಗಿ ಬಂದು, ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಪ್ರಶ್ನೆ ಹಾಕುತ್ತಿದ್ದರು. ಆ ಅಪ್ಪ ಟೊಪ್ಪಿಯನ್ನು ಎಲ್ಲಿ ಇಟ್ಟ? ಬಾಗಿಲು ಹಾಕಿದ್ದು ಯಾರು? ಎಲ್ಲರೂ ಹೊರಗೆ ಹೋದ ಮೇಲೂ ಕ್ಯಾಮರಾ ಕೋಣೆಯಲ್ಲೇ ಯಾಕೆ ನಿಂತಿತು? ವಾರ್ಡಿನ ರೌಂಡ್ಸ್ ಮುಗಿಸಿ ಕಿರಿಯ ನರ್ಸುಗಳನ್ನು ಕೇಳುವ ಧಾಟಿ. "ಕಥೆ ಬೇಕಾದ್ರೆ ಪೇಪರ್ ಓದಿ. ಇಲ್ಲಿ ಮನುಷ್ಯರನ್ನು ನೋಡಿ," ಎನ್ನುವುದು ಅವರ ಮಾತು.

ಅವರು ಅಡುಗೆಮನೆಗೆ ಹೋದಾಗ ನಾನು ಪೊರ್ಬುಗಳನ್ನು ಅಲುಗಾಡಿಸಿ ಎಬ್ಬಿಸಿ, ಹಾಲು ಕುದಿಯುವುದರೊಳಗೆ ಇಡೀ ಸಿನಿಮಾವನ್ನು ದನಿ ಸಮೇತ ಆಡಿ ತೋರಿಸಬೇಕು. ಕೆಲವು ವಾರ ಚೆನ್ನಾಗಿಯೇ ನಡೆಯಿತು. ಗೊರಕೆ ಹೊಡೆದವರಿಂದ ಸರಿಯಾದ ಉತ್ತರ ಬರುವುದನ್ನು ಕಂಡು ಬಾಯಮ್ಮ ಹುಬ್ಬು ಗಂಟು ಹಾಕುತ್ತಿದ್ದರು. ಒಂದು ಶುಕ್ರವಾರ ಸಂಬಂಧಿಕರೊಬ್ಬರ ಮಗು ಬಾಯಮ್ಮನ ಪಕ್ಕದಲ್ಲಿ ಕೂತಿತು, ನನ್ನ ಮಣಿಕಟ್ಟಿಗೆ ಬಿಡುಗಡೆ ಸಿಕ್ಕಿತು, ನಾನೂ ಹಾಯಾಗಿ ಮಲಗಿಬಿಟ್ಟೆ. ಪೊರ್ಬುಗಳು ಕೇಳಿದಾಗ ಬಾಯಿಗೆ ಬಂದದ್ದು ಹೇಳಿದೆ.

ಪ್ರಶ್ನೆ ಬಂತು: "ಆ ತಾಯಿ ಕಿಟಕಿಯಲ್ಲಿ ಎಂತ ಇಟ್ಟಳು?"

"ಹೂವಿನ ಕುಂಡ," ಎಂದರು ಪೊರ್ಬುಗಳು ಗತ್ತಿನಿಂದ. ನಾನು ಕೊಟ್ಟದ್ದು ಅಷ್ಟೇ. ಅವರಿಗೆ ಸಾಲಲಿಲ್ಲ. "ದಾಸವಾಳ. ಒಳ್ಳೆ ಕೆಂಪು ದಾಸವಾಳ. ನಮ್ಮ ಊರಿದ್ದೇ ಹಾಗೆ ಉಂಟು."

ಬಾಯಮ್ಮ ಚಹಾದ ಲೋಟ ಕೆಳಗಿಟ್ಟರು. "ಅವಳು ಇಟ್ಟದ್ದು ಮಗನ ಒದ್ದೆ ಬೂಟ್ಸ್. ಅದು ಹೋಗ್ಲಿ. ಕಪ್ಪು-ಬಿಳಿ ಪಿಚ್ಚರಲ್ಲಿ ನಿಮಗೆ ಕೆಂಪು ಎಲ್ಲಿಂದ ಕಂಡಿತು?"

ಪೊರ್ಬುಗಳು ನನ್ನ ಕಡೆ ನೋಡಿದರು. ನಾನು ಬೆಡ್‌ಶೀಟಿನ ಕಡೆ ನೋಡಿದೆ. 

ಆ ದಿನ ನನ್ನ ಹುದ್ದೆ ಬದಲಾಯಿತು. ಬೈಯುತ್ತಾರೆಂದುಕೊಂಡರೆ ಬಾಯಮ್ಮ ನನ್ನನ್ನು ತಮ್ಮ ಪಕ್ಷಕ್ಕೆ ಎಳೆದುಕೊಂಡರು. "ನೀನು ಇವರಿಗೆ ಹೇಳುದು ಬೇಡ. ಇವರನ್ನು ಎಚ್ಚರ ಇಡು. ನಿನ್ನ ದನಿ ಕೇಳಿದ್ರೆ ಇವರು ಏಳ್ತಾರೆ. ಕೆಳಗೆ ಇಂಗ್ಲಿಷಲ್ಲಿ ಬರ್ತದಲ್ಲ, ಅದನ್ನು ಕನ್ನಡದಲ್ಲಿ ಹೇಳ್ತಾ ಹೋಗು. ಅವರು ಮಾತಾಡಿದ್ರೆ ನೀನು ಮಾತಾಡು. ಅವರು ಸುಮ್ಮನಿದ್ರೆ ನೀನೂ ಸುಮ್ಮನಿರು. ಗೊತ್ತಾಯ್ತಾ?"

ಗೊತ್ತಾಯಿತು. ಆದರೆ ಈ ಇಟಲಿಯವರು ಸುಮ್ಮನಿರುವುದೆಂದರೆ ನಮ್ಮ ಹಾಗೆ ಉಸಿರು ತೆಗೆದುಕೊಳ್ಳುವಷ್ಟು ಹೊತ್ತಲ್ಲ. ಬೆಂಚಿನ ಮೇಲೆ ಒಬ್ಬ ಅಜ್ಜ ಕೂತ. ಕೂತೇ ಇದ್ದ. ಗಾಳಿ ಬೀಸಿತು, ಒಂದು ಕಾಗದ ಹಾರಿತು, ಅಜ್ಜ ಕೂತೇ ಇದ್ದ. ಮೌನ ಎಂದರೆ ಯಾರೋ ಸ್ಟೇಜಿನ ಮೇಲೆ ಮಾತು ಮರೆತಿದ್ದಾರೆ ಎಂದೇ ನಾನು ತಿಳಿದವನು. ತಡೆಯಲಾಗಲಿಲ್ಲ. ನಮ್ಮ ವಿಲ್ಲಾದ ವಾಚ್‌ಮನ್‌ನ ದನಿಯಲ್ಲಿ ಅಜ್ಜನಿಂದ ಮಾತಾಡಿಸಿದೆ: "ಏ ಭಾಯ್, ಯಾರು ಮಾರಾಯ ಇಲ್ಲಿ ಬಟ್ಟೆ ಒಣಗಿಸಿದ್ದು? ಮಾಫಿ, ಇಲ್ಲಿ ಬಟ್ಟೆ ಹಾಕ್ಬಾರ್ದು! ಬಲದಿಯಾದ ಮುನ್ಸಿಪಾಲ್ಟಿಯವರು ಬಂದ್ರೆ ಫೈನ್ ಹಾಕ್ತಾರೆ!"

ಪೊರ್ಬುಗಳು ಎದ್ದರು. ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಇನ್ನೂ ಏರಿದೆ. ಅಜ್ಜನ ಹಿಂದೆ ಹೋದ ನಾಯಿಗೂ ಎಚ್‌ಆರ್ ಮೇಡಂನ ದನಿ ಕೊಟ್ಟೆ. ಬಾಯಮ್ಮ ಮೊದಲು ಗಂಡನ ತೆರೆದ ಕಣ್ಣು ನೋಡಿ ಖುಷಿಪಟ್ಟರು. ಆಮೇಲೆ ಆ ಕಣ್ಣು ಎಲ್ಲಿ ನೆಟ್ಟಿದೆ ಎಂದು ನೋಡಿದರು. ಅದು ಬೆಡ್‌ಶೀಟಿನ ಮೇಲಿರಲಿಲ್ಲ, ನನ್ನ ಮೇಲಿತ್ತು. ಅವರು ಎದ್ದು ಪ್ರೊಜೆಕ್ಟರ್ ಆರಿಸಿದರು.

"ಪುತಾ," ಎಂದರು, ಸಿಟ್ಟಿಲ್ಲದೆ. "ಪೇಶೆಂಟ್ ಮಾತಾಡದೆ ಇರುವಾಗ ನಾವು ಜಾಸ್ತಿ ನೋಡ್ಬೇಕು. ನೀನು ಅವನ ಬದಲು ಮಾತಾಡಿದ್ರೆ ಡಾಕ್ಟರು ತಪ್ಪು ಮದ್ದು ಕೊಡ್ತಾರೆ."

ಪೊರ್ಬುಗಳು ಕೆಳಗೆ ಸಿಗರೇಟಿಗೆ ಹೋದಾಗ ಅವರು ಉಳಿದದ್ದನ್ನು ಹೇಳಿದರು. ಮಕ್ಕಳು ಚಿಕ್ಕವರಿದ್ದಾಗ ಪೊರ್ಬುಗಳ ಆಗಿನ ಕಂಪನಿ ಮುಚ್ಚಿ ಅವರು ಊರಿಗೆ ಬಂದು ಕೂತರಂತೆ. ಕಾನ್ವೆಂಟಿನ ಸಿಸ್ಟರುಗಳ ಮೂಲಕ ಬಾಯಮ್ಮನಿಗೆ ಇಟಲಿಯಲ್ಲಿ ಕೆಲಸ ಸಿಕ್ಕಿತು. ನರ್ಸಿಂಗ್ ಸರ್ಟಿಫಿಕೇಟ್ ಅಲ್ಲಿ ನಡೆಯಲಿಲ್ಲ. ಒಂದು ಮನೆಯಲ್ಲಿ ಗಾಲಿಕುರ್ಚಿಯ ಮುದುಕಿಯೊಬ್ಬಳನ್ನು ನೋಡಿಕೊಳ್ಳುವುದು, ಅಡುಗೆ, ಬಟ್ಟೆ, ಎಲ್ಲ. ಪೊರ್ಬುಗಳಿಗೆ ದುಬೈಯಲ್ಲಿ ಕೆಲಸ ಸಿಕ್ಕಿ ಇವರನ್ನು ಕರೆಸಿಕೊಳ್ಳುವವರೆಗೆ ಕೆಲವು ವರ್ಷ ಅಲ್ಲೇ. ಮುದುಕಿ ಸಂಜೆಯೆಲ್ಲ ಟಿವಿಯಲ್ಲಿ ಹಳೆಯ ಚಿತ್ರಗಳನ್ನು ಹಾಕಿಕೊಂಡು ಅದರೊಳಗಿನವರಿಗೆ ಬೈಯುತ್ತಿದ್ದಳು. ಇವರು ಗಾಲಿಕುರ್ಚಿಯ ಹಿಂದೆ ನಿಂತು ನೋಡುತ್ತಿದ್ದರು. ಇಟಾಲಿಯನ್ ಕಲಿತದ್ದು ಹಾಗೆ. ಅದಕ್ಕೇ ಅವರ ಇಟಾಲಿಯನ್ ಒಂದು ವಿಚಿತ್ರ ವಸ್ತುವಾಗಿತ್ತು. ಒಮ್ಮೆ ಮಾಲ್‌ನ ಐಸ್‌ಕ್ರೀಂ ಅಂಗಡಿಯಲ್ಲಿ ಇಟಲಿಯ ಹುಡುಗನೊಬ್ಬನಿಗೆ ಅವರು ಅವನ ಭಾಷೆಯಲ್ಲಿ ಎರಡು ಮಾತು ಹೇಳಿದಾಗ ಅವನು ಚಮಚ ಹಿಡಿದುಕೊಂಡು ನೆಟ್ಟಗೆ ನಿಂತ. ಅಜ್ಜಿ ತೀರಿಕೊಂಡ ಮೇಲೆ ತನಗೆ ಹೀಗೆ ಯಾರೂ ಬೈದಿಲ್ಲ ಎಂದ. ಬಾಯಮ್ಮ ಕೇಳಿದ್ದು ವೆನಿಲ್ಲಾ ಅಷ್ಟೇ.

"ಆ ವರ್ಷಗಳ ಬಗ್ಗೆ ಇವರು ಒಂದು ದಿನ ಕೇಳ್ಲಿಲ್ಲ," ಎಂದರು. "ಕೇಳ್ಲಿಕ್ಕೆ ನಾಚಿಕೆ, ಹೆಂಡ್ತಿ ದುಡಿದು ಮನೆ ನಡೆಸಿದ್ಳು ಅಂತ. ಈ ವರ್ಷ ನನಗೆ ರಿಟೈರ್‌ಮೆಂಟ್. ಇಬ್ಬರೂ ಊರಿಗೆ ಹೋಗ್ತೇವೆ. ಅಲ್ಲಿ ಇವರಿಗೆ ಇಗರ್ಜಿ ಕಮಿಟಿ, ಫ್ರೆಂಡ್ಸು, ಇಸ್ಪೀಟು. ಕೈಗೆ ಸಿಗುದಿಲ್ಲ. ಹೋಗುವ ಮೊದಲು ಒಂದೇ ಒಂದು ಪಿಚ್ಚರ್ ಇವರು ಪೂರ್ತಿ ನೋಡ್ಬೇಕು."

"ಬಾಯಲ್ಲಿ ಹೇಳಿಬಿಟ್ರೆ ಆಗುದಿಲ್ವಾ?"

"ಹೇಳಿದ್ರೆ ಕಂಪ್ಲೇಂಟ್ ಆಗ್ತದೆ. ನೋಡಿದ್ರೆ ಅವರಿಗೇ ಗೊತ್ತಾಗ್ತದೆ."



ಬಾಯಮ್ಮ ಈಗಿಲ್ಲ. ಊರಿಗೆ ಹೋದ ಮೇಲೆ ಕೆಲವೇ ವರ್ಷ ಇದ್ದರು. ಸುದ್ದಿಯನ್ನು ಪೊರ್ಬುಗಳೇ ಫೋನಿನಲ್ಲಿ ಹೇಳಿದರು, ಆ ಡ್ರಮ್ಮಿನ ದನಿ ಬಹಳ ಸಣ್ಣಗಾಗಿತ್ತು. ಹೇಳಿ ಸುಮ್ಮನಾದರು. ನಾನೂ ಸುಮ್ಮನಿದ್ದೆ. ಆ ಮೌನವನ್ನು ಯಾವ ದನಿಯಿಂದಲೂ ತುಂಬದೆ ಹಾಗೇ ಹಿಡಿದುಕೊಂಡು ಕೂರಲು ನನಗೆ ಸಾಧ್ಯವಾಯಿತಲ್ಲ, ಅದು ಬಾಯಮ್ಮ ಕೊಟ್ಟು ಹೋದದ್ದು. ಈಗ ದುಬೈಯ ಕನ್ನಡ ಅಸೋಸಿಯೇಶನ್ನಿನ ಸ್ಟೇಜಿನಲ್ಲಿ ಯಾರನ್ನಾದರೂ ಅನುಕರಿಸುವ ಮೊದಲು ಅವರು ಬಾಯಿ ಮುಚ್ಚಿಕೊಂಡಿರುವಾಗ ಹೇಗಿರುತ್ತಾರೆಂದು ನೋಡುತ್ತೇನೆ. ಜನ ಈಗ ಮೊದಲಿಗಿಂತ ಹೆಚ್ಚು ನಗುತ್ತಾರೆ. ಹೊಗಳಿಕೆ ನನಗೆ ಸಿಗುತ್ತದೆ, ನಾನು ನಾಚಿಕೆಯಿಲ್ಲದೆ ತೆಗೆದುಕೊಳ್ಳುತ್ತೇನೆ.

ಆದರೆ ಬಾಯಮ್ಮನನ್ನು ನೆನೆಯುವಾಗ ಆ ಫೋನಿಗೆ ನಿಲ್ಲಿಸಲು ನನಗೆ ಮನಸ್ಸಿಲ್ಲ. ಅಬುಧಾಬಿಯ ಮೀನಿನ ದಿನವನ್ನು ಹೇಳಿ ಮುಗಿಸುತ್ತೇನೆ.

ಅವರಿಬ್ಬರೂ ಊರಿಗೆ ಹೊರಡುವುದಕ್ಕೆ ಸ್ವಲ್ಪ ಮೊದಲು ಅಬುಧಾಬಿಯ ಒಂದು ಸಭಾಂಗಣದಲ್ಲಿ ಇಟಲಿಯ ಹೊಸ ಚಿತ್ರವೊಂದರ ಪ್ರದರ್ಶನವಿತ್ತು. ಸಿನಿಮಾ ಎಂದರೆ ಪೊರ್ಬುಗಳು ಕಾರಿನ ಕೀ ಮುಟ್ಟುವುದಿಲ್ಲ. ಬಾಯಮ್ಮ, "ಅಬುಧಾಬಿಯ ಅಲ್ ಮೀನಾ ಮಾರ್ಕೆಟ್ಟಿಗೆ ಹೋಗಿ ಒಳ್ಳೆ ಅಂಜಲ್ ಮೀನು ತರುವನಾ?" ಎಂದರು. ಕೀ ಆಗಲೇ ಪೊರ್ಬುಗಳ ಕೈಯಲ್ಲಿತ್ತು. ನಾನೂ ಕಾರು ಹತ್ತಿದೆ. ದಾರಿಯಲ್ಲಿ ಬಾಯಮ್ಮ, ಹಾಗೇ ಸ್ವಲ್ಪ ಹೊತ್ತು ಒಂದು ಪಿಚ್ಚರ್ ಎಂದು ಸೇರಿಸಿದರು. ಪೊರ್ಬುಗಳು ಒಪ್ಪಿದರು, ಆದರೆ ಮೊದಲು ಮೀನು, ಆಮೇಲೆ ಇಟಲಿ. ಹೊತ್ತಾದರೆ ಸಿಗುವುದು ಉಳಿದ ಮೀನು ಎಂಬುದು ಅವರ ವಾದ. ಬಂದರಿನ ಮಾರ್ಕೆಟ್ಟಿನಲ್ಲಿ ಒಂದೊಂದು ಮೀನಿನ ಕಿವಿರು ಎತ್ತಿ ನೋಡಿ, ವ್ಯಾಪಾರಿಯ ಹತ್ತಿರ ಜಗಳವಾಡಿ, ಅಂಜಲ್ ಜೊತೆಗೆ ಬಂಗುಡೆಯನ್ನೂ ಕೊಂಡರು. ಐಸ್‌ಬಾಕ್ಸ್ ಬಾಯಮ್ಮನ ಕ್ಲಿನಿಕ್ಕಿನವರು ಹಳತಾಯಿತೆಂದು ಬಿಟ್ಟದ್ದು, ನೀಲಿ ಡಬ್ಬ, ಮುಚ್ಚಳದ ಮೇಲೆ ದೊಡ್ಡ ಕೆಂಪು ಪ್ಲಸ್.

ಆ ಬಿಸಿಲಿನಲ್ಲಿ ಕಾರಿನೊಳಗೆ ಬಿಟ್ಟರೆ ಬಂಗುಡೆ ತಾನಾಗಿಯೇ ಸಾರಾಗುತ್ತದೆ ಎಂದು ಪೊರ್ಬುಗಳು ಡಬ್ಬ ಹೊತ್ತುಕೊಂಡೇ ಬಂದರು. ಬಾಗಿಲಲ್ಲಿ ಸೆಕ್ಯೂರಿಟಿಯವನು ಕೆಂಪು ಪ್ಲಸ್ ನೋಡಿ, "ಮೆಡಿಕಲ್, ಸರ್?" ಎಂದ. ಪೊರ್ಬುಗಳು ಗಂಭೀರವಾಗಿ ತಲೆಯಾಡಿಸಿದರು. ಬಾಯಮ್ಮನ ಎದೆಯ ಗಡಿಯಾರ ಉಳಿದ ಕೆಲಸ ಮಾಡಿತು. ಅವನು ಬಾಗಿಲನ್ನು ಅಗಲವಾಗಿ ತೆರೆದು ಹಿಡಿದ.

ಸಭಾಂಗಣದ ತುಂಬ ಸೂಟು, ಅತ್ತರು, ಪಿಸುಮಾತಿನ ಇಂಗ್ಲಿಷ್. ಪೊರ್ಬುಗಳು ಡಬ್ಬವನ್ನು ಕಾಲ ಬುಡದಲ್ಲಿಟ್ಟರು. ದೀಪ ಆರಿತು. ಚಿತ್ರದಲ್ಲಿ ಒಂದು ದೊಡ್ಡ ಮನೆ, ಅದನ್ನು ಮಾರಬೇಕೋ ಬೇಡವೋ ಎಂದು ಜಗಳವಾಡುವ ಅಣ್ಣತಮ್ಮಂದಿರು, ಗಾಲಿಕುರ್ಚಿಯಲ್ಲಿ ಒಬ್ಬಳು ಅಜ್ಜಿ. ಡಯಟ್ ಮಾಡುವವರ ಪಿಚ್ಚರ್. ಸ್ವಲ್ಪ ಹೊತ್ತಿನಲ್ಲಿ ಬಂಗುಡೆ ತನ್ನ ಇರವನ್ನು ತಿಳಿಸತೊಡಗಿತು. ಮುಂದಿನ ಸಾಲಿನ ಮೇಡಂ ಒಬ್ಬರು ತಿರುಗಿ ನೋಡಿದರು. ಪರದೆಯ ಮೇಲೆ ಆಗ ಸಮುದ್ರ ತೋರಿಸುತ್ತಿದ್ದರು. ಅವರು ಗಂಡನಿಗೆ ಏನೋ ಪಿಸುಗುಟ್ಟಿ ಮೆಚ್ಚಿಗೆಯಿಂದ ತಲೆದೂಗಿದರು. ಇಟಲಿಯವರು ವಾಸನೆಯನ್ನೂ ವ್ಯವಸ್ಥೆ ಮಾಡಿದ್ದಾರೆ ಎಂದುಕೊಂಡರೋ ಏನೋ.

ಪೊರ್ಬುಗಳಿಗೆ ಮಾತ್ರ ನಿದ್ದೆಯಿಲ್ಲ. ಐಸ್ ಕರಗಿ ನೀರು ಸೋರಿದರೆ ಕಾರ್ಪೆಟ್ಟು ಹಾಳು, ಮಾನ ಇನ್ನೂ ಹಾಳು. ಮುಚ್ಚಳದ ಮೇಲೆ ಪಾದ ಒತ್ತಿಕೊಂಡು ನೆಟ್ಟಗೆ ಕೂತಿದ್ದರು. ಕೂತಿರುವಾಗ ಬೇರೆ ಕೆಲಸವಿಲ್ಲದೆ ಪರದೆ ನೋಡಿದರು. ನಾನು ಮೊದಲು ಓರೆಗಣ್ಣಿನಿಂದ ಗಮನಿಸುತ್ತಿದ್ದೆ, ನಂತರ ಮರೆತೆ. ಮುಗಿಯುವ ಹೊತ್ತಿಗೆ ನೋಡಿದರೆ ಅವರ ಪಾದ ಮುಚ್ಚಳದಿಂದ ಜಾರಿತ್ತು, ಕಣ್ಣು ತೆರೆದೇ ಇತ್ತು.

ಹೊರಗೆ ಮೆಟ್ಟಿಲ ಮೇಲೆ ಬಂದು ಡಬ್ಬ ಕೆಳಗಿಟ್ಟರು. ಬಾಯಮ್ಮ ಎಂದಿನಂತೆ ಶುರುಮಾಡಿದರು: "ಆಯ್ಕಲೆಂಗೀ? ಕೊನೆಗೆ ಆ ತಮ್ಮ ಕೀಯನ್ನು ಯಾರ ಕೈಗೆ ಕೊಟ್ಟ?"

"ಕೀ ನಾನು ನೋಡ್ಲಿಲ್ಲ," ಎಂದರು ಪೊರ್ಬುಗಳು. ನಾನು ಸಹಾಯಕ್ಕೆ ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. "ಆ ಹುಡುಗಿ ಊಟ ಮಾಡಿದ್ದು ಎಲ್ಲೂ ತೋರಿಸ್ಲಿಲ್ಲ."

"ಯಾವ ಹುಡುಗಿ?" ಎಂದೆ ನಾನು. ನಿಜವಾಗಿಯೂ ನಾನು ನೋಡಿರಲಿಲ್ಲ.

"ಕುರ್ಚಿ ದೂಡುವವಳು ಮಾರಾಯ. ಬೇರೆ ದೇಶದವಳು. ಆ ದೊಡ್ಡ ಮೇಜಲ್ಲಿ ಎಲ್ಲರಿಗೂ ಬಡಿಸ್ತಾಳೆ, ಪ್ಲೇಟ್ ತೆಗೀತಾಳೆ, ಅಜ್ಜಿಗೆ ಬಾಯಿಗೆ ಕೊಡ್ತಾಳೆ. ಅವಳು ತಿನ್ನುದು ಯಾವಾಗ?" ಇಷ್ಟು ಹೇಳಿ ಹೆಂಡತಿಯ ಕಡೆ ತಿರುಗಿದರು. "ನಾನು ಫೋನ್ ಮಾಡಿದಾಗೆಲ್ಲ ನೀನು ಊಟ ಆಯ್ತು, ಆಯ್ತು ಅಂತಿದ್ದಿ. ಆಗ್ತಿತ್ತಾ?"

ಬಾಯಮ್ಮ ಐಸ್‌ಬಾಕ್ಸಿನ ಮುಚ್ಚಳವನ್ನು ಸುಮ್ಮನೆ ಒಮ್ಮೆ ತೆಗೆದು ಮತ್ತೆ ಹಾಕಿದರು.

"ಅವರದ್ದೆಲ್ಲ ಆದ ಮೇಲೆ. ಸಿಂಕಿನ ಹತ್ರ ನಿಂತ್ಕೊಂಡು."

 ಸೂಟಿನವರು ಒಬ್ಬೊಬ್ಬರೇ ನಮ್ಮನ್ನು ಬಳಸಿಕೊಂಡು ಇಳಿದು ಹೋದರು.  ಕೊನೆಗೆ ಪೊರ್ಬುಗಳು, ಅರ್ಧ ಸಿಟ್ಟು ಅರ್ಧ ಇನ್ನೇನೋ, ಕೇಳಿದರು:

"ಇಷ್ಟು ವರ್ಷ ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳ್ತಾ ಇದ್ದೆ," ಎಂದರು ಬಾಯಮ್ಮ. "ಪ್ರತಿ ಶುಕ್ರವಾರ ಹೇಳ್ತಾ ಇದ್ದೆ. ನೀವು ಗೊರಕೆ ಹೊಡೀತಾ ಇದ್ರಿ."